ಹತ್ತಿ ಕ್ರಾಸಿಂಗಿಗೆ ಹೋಗುವ ಮಕ್ಕಳು ಗ್ರಾಮ ಸಭೆಗೆ ಬಂದರು

ಮಕ್ಕಳ ಗ್ರಾಮ ಸಭೆ ನಮ್ಮ ಕಡೆ ಹೇಗೆ ನಡೆಯುತ್ತದೆ ಅಂತ ನೋಡಿದವರಿಗೆ ಗೊತ್ತೇ ಇದೆ. ನವೆಂಬರ್ ಬಂತು ಅಂದರೆ ಪಂಚಾಯಿತಿ ಮುಂದೆ ಶಾಮಿಯಾನ. ಯೂನಿಫಾರ್ಮ್ ಹಾಕಿದ ಮಕ್ಕಳು ಸಾಲಾಗಿ ಬರುತ್ತಾರೆ. ಕೈಯಲ್ಲಿ ಮಾಸ್ತರು ಬರೆದುಕೊಟ್ಟ ಚೀಟಿ. ಒಬ್ಬ ಕಾಂಪೌಂಡ್ ಕೇಳುತ್ತಾನೆ, ಇನ್ನೊಬ್ಬಳು ಆಟದ ಸಾಮಾನು ಕೇಳುತ್ತಾಳೆ. ಪಿಡಿಓ ಬರೆದುಕೊಳ್ಳುತ್ತಾರೆ, ಫೋಟೊ ಆಗುತ್ತದೆ, ಬಿಸ್ಕತ್ತು ಹಂಚುತ್ತಾರೆ. ಮುಗೀತು.

ಬಾಗಲಕೋಟೆ ಜಿಲ್ಲೆಯ ಹುನಗುಂದ ಕಡೆ, ಕೊಪ್ಪಳ ಗಡಿಗೆ ಹತ್ತಿರದ ಒಂದು ಊರಿನಲ್ಲಿ ಒಂದು ಸಲ ಚೀಟಿ ಇಲ್ಲದ ಮಕ್ಕಳು ಸಭೆಗೆ ಬಂದರು. ವರ್ಷದಲ್ಲಿ ಕೆಲವು ತಿಂಗಳು ಶಾಲೆಗಿಂತ ಹೊಲದಲ್ಲೇ ಜಾಸ್ತಿ ಇರುವ ಮಕ್ಕಳು. ಅವರು ಹೇಗೆ ಬಂದರು, ಏನು ಕೇಳಿದರು, ಏನು ಸಿಕ್ಕಿತು, ಏನು ಸಿಗಲಿಲ್ಲ ಅನ್ನೋದನ್ನು ಇಲ್ಲಿ ಬರೆದಿದ್ದೇನೆ. ಊರಿನ ಹೆಸರು ಹಾಕಿಲ್ಲ. ಮಕ್ಕಳ ಹೆಸರೂ ಇಲ್ಲ. ಹಾಕಿದರೆ ಮೊದಲು ಬೈಸಿಕೊಳ್ಳುವವರು ಅವರೇ.

ಮೊದಲು ಕೆಲಸ ಎಂಥದ್ದು ಅಂತ ತಿಳಿಯಬೇಕು. ಅದು ತಿಳಿಯದೆ ಮುಂದಿನದು ಅರ್ಥ ಆಗುವುದಿಲ್ಲ.

ಹೈಬ್ರಿಡ್ ಹತ್ತಿಯ ಬೀಜ ತಾನಾಗಿ ಆಗುವುದಿಲ್ಲ, ಕೈಯಿಂದ ಮಾಡಬೇಕು. ಧಾರವಾಡದಲ್ಲಿ 1972ರಲ್ಲಿ ವರಲಕ್ಷ್ಮಿ ಹೈಬ್ರಿಡ್ ಬಂದಾಗಿನಿಂದ ನಮ್ಮ ಭಾಗಕ್ಕೆ ಈ ಕೆಲಸ ಹೊಸದಲ್ಲ. ಹೊಲದಲ್ಲಿ ಹೆಣ್ಣು ಗಿಡ ಬೇರೆ, ಗಂಡು ಗಿಡ ಬೇರೆ. ನಾಳೆ ಅರಳುವ ಮೊಗ್ಗನ್ನು ಇವತ್ತು ಮಧ್ಯಾಹ್ನದ ಮೇಲೆ ಹುಡುಕಿ, ಎಸಳು ಬಿಡಿಸಿ, ಒಳಗಿನ ಕೇಸರ ತೆಗೆದು ಗುರುತು ಮಾಡಬೇಕು. ಮರುದಿನ ಬೆಳಿಗ್ಗೆ ಗಂಡು ಹೂ ತಂದು ಅದರ ಪುಡಿಯನ್ನು ಇದಕ್ಕೆ ಸವರಬೇಕು. ಕ್ರಾಸಿಂಗ್ ಅನ್ನೋದು ಇದಕ್ಕೇ. ಮಧ್ಯಾಹ್ನದೊಳಗೆ ಮುಗಿಯಬೇಕು, ಆಮೇಲೆ ಸವರಿದರೆ ಕಾಯಿ ಸರಿಯಾಗಿ ಕಟ್ಟುವುದಿಲ್ಲ. ಮಧ್ಯಾಹ್ನ ಆಯ್ತು ಅಂದರೆ ಮತ್ತೆ ನಾಳಿನ ಮೊಗ್ಗು. ಇದು ಒಂದು ದಿನ, ಎರಡು ದಿನದ ಮಾತಲ್ಲ, ಹೂ ಇರುವಷ್ಟು ವಾರವೂ ಹೀಗೇ. ಹೂವಿಗೆ ರವಿವಾರ ಇಲ್ಲ. ಅಮಾವಾಸ್ಯೆ ದಿನ ನಮ್ಮ ಕಡೆ ಎತ್ತು ಹೂಡುವುದಿಲ್ಲ, ಆದರೆ ಹತ್ತಿ ಹೂ ಅಮಾವಾಸ್ಯೆ ನೋಡುವುದಿಲ್ಲ.

ಮಕ್ಕಳೇ ಯಾಕೆ ಅಂತ ಕೇಳಿದರೆ ಎಲ್ಲರೂ ಒಂದೇ ಉತ್ತರ ಕೊಡುತ್ತಾರೆ. ಬೆರಳು ಸಣ್ಣ, ಗಿಡದ ಎತ್ತರಕ್ಕೆ ಸರಿ ಹೋಗುತ್ತಾರೆ, ಬೆನ್ನು ನೋಯುವುದಿಲ್ಲ. ಇದನ್ನು ನಾನು ನಂಬುವುದಿಲ್ಲ. ದೊಡ್ಡ ಹೆಂಗಸರೂ ಇದೇ ಕೆಲಸವನ್ನು ಚೆನ್ನಾಗಿ ಮಾಡುತ್ತಾರೆ. ಮಕ್ಕಳಿಗೆ ಕಡಿಮೆ ಕೂಲಿ, ಮಕ್ಕಳು ಎದುರು ಮಾತಾಡುವುದಿಲ್ಲ, ಮತ್ತೆ ಮನೆಯವರು ಬೇಸಿಗೆಯಲ್ಲೇ ಮುಂಗಡ ತೆಗೆದುಕೊಂಡಿರುತ್ತಾರೆ. ನಿಜವಾದ ಕಾರಣ ಇಷ್ಟೇ.

ಆದರೆ ಹೊಲದ ರೈತನನ್ನು ಮಾತ್ರ ಬೈದು ಸುಮ್ಮನಾದರೆ ಅದೂ ತಪ್ಪು. ಬೀಜ ಕಂಪನಿ ನೇರವಾಗಿ ರೈತನ ಹತ್ತಿರ ಬರುವುದಿಲ್ಲ. ನಡುವೆ ಆರ್ಗನೈಸರ್ ಇರುತ್ತಾನೆ. ಮೂಲ ಬೀಜ ಕೊಡುವವನು ಅವನೇ, ಸಾಲ ಕೊಡುವವನೂ ಅವನೇ, ಕೊನೆಗೆ ಮಾಲು ಎತ್ತುವವನೂ ಅವನೇ. ದರ ಮೊದಲೇ ಗೊತ್ತಾಗಿರುತ್ತದೆ. ಮಾಲು ಹೋದ ಮೇಲೆ ಕಂಪನಿಯವರು ಬೀಜ ಬೆಳೆಸಿ ಶುದ್ಧ ಇದೆಯಾ ಅಂತ ಪರೀಕ್ಷೆ ಮಾಡುತ್ತಾರೆ. ಫೇಲ್ ಆದರೆ ರೈತನ ವರ್ಷದ ದುಡಿಮೆ ಹೋಯಿತು. ಕ್ರಾಸ್ ಆಗದೆ ತಪ್ಪಿಸಿಕೊಂಡ ನಾಲ್ಕು ಹೂವೂ ಅವನಿಗೆ ಭಯ. ಖರ್ಚಿನಲ್ಲಿ ದೊಡ್ಡ ಪಾಲು ಕೂಲಿಯದ್ದೇ. ಉಳಿಸಬೇಕು ಅಂದರೆ ಅವನು ಕೈ ಹಾಕುವುದು ಕೂಲಿಗೇ. ಎಷ್ಟೋ ರೈತರ ಸ್ವಂತ ಮಕ್ಕಳೂ ಅದೇ ಸಾಲಿನಲ್ಲಿ ನಿಂತಿರುತ್ತಾರೆ.

ಇನ್ನು ಕಾನೂನು. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂತು. 14ರೊಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವ ಹಾಗಿಲ್ಲ. 14ರಿಂದ 18ರವರಿಗೆ ಅಪಾಯಕಾರಿ ಅಂತ ಪಟ್ಟಿ ಮಾಡಿದ ಕೆಲಸ ನಿಷೇಧ. ತಪ್ಪಿದರೆ 6 ತಿಂಗಳಿಂದ 2 ವರ್ಷ ಜೈಲು, ಇಲ್ಲವೇ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ. ಕೇಳೋಕೆ ಬಿಗಿಯಾಗಿದೆ ಅಲ್ವಾ? ಆದರೆ ಒಂದು ಬಾಗಿಲು ತೆರೆದಿಟ್ಟಿದ್ದಾರೆ. ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ, ಅಪಾಯ ಇಲ್ಲದ ಕೆಲಸದಲ್ಲಿ ಮಗು ತನ್ನ ಕುಟುಂಬಕ್ಕೆ ಸಹಾಯ ಮಾಡಬಹುದು. ಕುಟುಂಬ ಅಂದರೆ ತಂದೆ, ತಾಯಿ, ಅಣ್ಣ ತಮ್ಮ, ಅಕ್ಕ ತಂಗಿ, ಮತ್ತೆ ತಂದೆಯ ಮತ್ತು ತಾಯಿಯ ಒಡಹುಟ್ಟಿದವರು. ಅಂದರೆ ಕಾಕಾ, ಮಾಮಾ, ಅತ್ತಿ, ಚಿಗವ್ವ, ದೊಡ್ಡವ್ವ ಎಲ್ಲರೂ ಬಂದರು. ನಮ್ಮ ಹಳ್ಳಿಗಳಲ್ಲಿ ಯಾರು ಯಾರಿಗೆ ಕಾಕಾ ಅಲ್ಲ ಹೇಳಿ. ಇನ್‌ಸ್ಪೆಕ್ಟರ್ ಬಂದರೆ "ಇವ ನಮ್ಮ ಅಣ್ಣನ ಮಗರೀ ಸಾಹೇಬ್ರ" ಅಂದರೆ ಆಯಿತು.

ಈ ಊರಿನಲ್ಲಿ ಹಿಂದೆ ಒಂದು ಸಲ ಜೀಪು ಬಂದಿತ್ತು. ಮಕ್ಕಳು ಗಿಡದ ನಡುವೆ ಕೂತುಬಿಟ್ಟರು. ಮೂರ್ನಾಲ್ಕು ಮಕ್ಕಳು ಸಿಕ್ಕರು, ಅವರ ಫೋಟೊ ತೆಗೆದರು, ಪಟ್ಟಣಕ್ಕೆ ಕರೆದುಕೊಂಡು ಹೋದರು, ಮರುದಿನ ಅಪ್ಪಂದಿರು ಹೋಗಿ ಕರೆದುಕೊಂಡು ಬಂದರು. ಮುಂಗಡ ಮಾತ್ರ ಹಾಗೇ ಉಳಿದಿತ್ತು, ತೀರಿಸೋಕೆ ಮಕ್ಕಳು ಇನ್ನೂ ದೂರದ ಪ್ಲಾಟಿಗೆ, ಅಂದರೆ ಬೀಜ ಮಾಡುವ ಹೊಲಕ್ಕೆ, ಹೋಗಬೇಕಾಯಿತು. ಮಕ್ಕಳಿಗೆ ಜೀಪು ಅಂದರೆ ಇವತ್ತಿಗೂ ಇದೇ ನೆನಪು.

ಸಭೆಗೆ ಬಂದ ಈ ಮಕ್ಕಳದ್ದೇ ಒಂದು ಸಂಘ ಇದೆ. ಅದು ಶುರುವಾದದ್ದು ದೊಡ್ಡ ಉದ್ದೇಶದಿಂದ ಏನಲ್ಲ. ಊರಿನ ಗ್ರಂಥಾಲಯ, ಈಗ ಅರಿವು ಕೇಂದ್ರ ಅನ್ನುತ್ತಾರಲ್ಲ, ಸಂಜೆ ತೆರೆದಿರುತ್ತಿತ್ತು. ಅಲ್ಲಿ ಕೇರಂ ಬೋರ್ಡ್ ಇತ್ತು. ಹೊಲದಿಂದ ಬಂದ ಮಕ್ಕಳು ಕೈಕಾಲು ತೊಳೆದುಕೊಂಡು ಅಲ್ಲಿಗೆ ಬರುತ್ತಿದ್ದರು. ಅದನ್ನು ನೋಡಿಕೊಳ್ಳುವ ಅಕ್ಕ ಒಂದು ದಿನ ಕೇಳಿದರು, ಈ ವಾರ ಯಾರ್ಯಾರು ಎಷ್ಟು ದಿನ ಶಾಲೆಗೆ ಹೋದಿರಿ ಅಂತ. ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳಿದರು, ಜಗಳವೇ ಶುರುವಾಯಿತು. ಹಾಗಾದರೆ ಬರೆದಿಡೋಣ ಅಂತ ಒಂದು ನೋಟ್‌ಬುಕ್ ಬಂತು.

ಭೀಮ ಸಂಘದ ವಿಷಯ ಹೇಳಿದವರೂ ಈ ಅಕ್ಕನೇ. 1990ರಲ್ಲಿ ನಮ್ಮ ರಾಜ್ಯದಲ್ಲೇ ದುಡಿಯುವ ಮಕ್ಕಳು ಕಟ್ಟಿಕೊಂಡ ಸಂಘ ಅದು, ಬೆಂಗಳೂರಿನ ಸಿ.ಡಬ್ಲ್ಯು.ಸಿ. (ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್) ಸಂಸ್ಥೆ ಬೆನ್ನಿಗೆ ನಿಂತಿತ್ತು. ಕುಂದಾಪುರದ ಹಳ್ಳಿಗಳಲ್ಲಿ ಮಕ್ಕಳ ಪಂಚಾಯಿತಿಗಳು ಬೆಳೆದದ್ದೂ ಅದೇ ದಾರಿಯಲ್ಲಿ. 1996ರಲ್ಲಿ ಅದೇ ಕುಂದಾಪುರಕ್ಕೆ 33 ದೇಶಗಳಿಂದ ದುಡಿಯುವ ಮಕ್ಕಳ ಪ್ರತಿನಿಧಿಗಳು ಬಂದು 10 ಬೇಡಿಕೆಗಳ ಒಂದು ಘೋಷಣೆ ಮಾಡಿದರು. ನಮ್ಮ ಬಗ್ಗೆ ತೀರ್ಮಾನ ಮಾಡುವಾಗ ನಮ್ಮನ್ನು ಕೇಳಿ ಅನ್ನೋದು ಅದರಲ್ಲಿ ಒಂದು. ಹಳ್ಳಿಗಳಲ್ಲಿ ಜಾಸ್ತಿ ಕೆಲಸ ಮಾಡಿ, ನಾವು ಊರು ಬಿಡುವುದು ತಪ್ಪಲಿ ಅನ್ನೋದು ಇನ್ನೊಂದು. ಹುನಗುಂದ ಕಡೆಯ ಮಕ್ಕಳಿಗೆ ಕುಂದಾಪುರ ಅಂದರೆ ಬೇರೆ ದೇಶದಷ್ಟೇ ದೂರ. ಆದರೂ ನಮ್ಮಂಥವರು ಕೂತು ಬರೆಸಿದ್ದಾರೆ ಅನ್ನೋ ಮಾತು ಅವರಿಗೆ ಹಿಡಿಸಿತು. ತಾವೂ ಒಂದು ಸಂಘ ಅಂದುಕೊಂಡರು. ರಿಜಿಸ್ಟರ್ ಗಿಜಿಸ್ಟರ್ ಏನಿಲ್ಲ, ಆಗುವಂಥದ್ದೂ ಅಲ್ಲ. 1926ರ ಟ್ರೇಡ್ ಯೂನಿಯನ್ ಕಾಯ್ದೆ ಸದಸ್ಯರಾಗೋಕೆ 15 ವರ್ಷ, ಪದಾಧಿಕಾರಿ ಆಗೋಕೆ 18 ವರ್ಷ ಅಂತ ಇಟ್ಟಿತ್ತು. ಇವರಲ್ಲಿ ಸುಮಾರು ಮಕ್ಕಳು 11, 12ರವರು. ಸಂಘ ಕಟ್ಟುವ ಹಕ್ಕು ಮಕ್ಕಳಿಗಿದೆ ಅಂತ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 15ನೇ ಕಲಂ ಹೇಳುತ್ತದೆ, ಭಾರತ ಅದನ್ನು 1992ರಲ್ಲಿ ಒಪ್ಪಿದೆ. ಆದರೆ ಊರಲ್ಲಿ ಕಲಂ ಹೇಳಿದರೆ ಯಾರು ಕೇಳುತ್ತಾರೆ.

ನೋಟ್‌ಬುಕ್ಕಿನಲ್ಲಿ ಇದ್ದದ್ದು ಸರಳ. ಬೆಳಿಗ್ಗೆ ಎದ್ದದ್ದು ಎಷ್ಟಕ್ಕೆ, ಹೊಲಕ್ಕೆ ಹೋದೆನಾ, ಶಾಲೆಗೆ ಹೋದೆನಾ, ಹೋಗದಿದ್ದರೆ ಯಾಕೆ, ಕೂಲಿ ಯಾರ ಕೈಗೆ ಬಂತು. ಎಣ್ಣೆ ಹೊಡೆದ ದಿನ, ಅಂದರೆ ಔಷಧ ಸಿಂಪಡಿಸಿದ ದಿನ, ಒಂದು ಗೀಟು. ಬರೆಯೋಕೆ ಬಾರದವರದ್ದನ್ನು ಬೇರೆಯವರು ಬರೆದರು.

ಒಂದು ಹಂಗಾಮು ಮುಗಿಯುವ ಹೊತ್ತಿಗೆ ಅದರಿಂದ ಯಾರೂ ಅಂದುಕೊಳ್ಳದ ಎರಡು ವಿಷಯ ಹೊರಗೆ ಬಂದವು.

ಮೊದಲನೆಯದು ಹುಡುಗಿಯರದ್ದು. ಹುಡುಗರು ಶಾಲೆ ತಪ್ಪಿಸುವುದು ಹೆಚ್ಚಾಗಿ ಹಂಗಾಮಿನಲ್ಲಿ. ಕ್ರಾಸಿಂಗ್ ಇದ್ದಾಗ, ಇಲ್ಲವೇ ಅಪ್ಪ ಅವ್ವನ ಜೊತೆ ಬೆಳಗಾವಿ ಕಡೆ ಕಬ್ಬು ಕಡಿಯೋಕೆ ಹೋದಾಗ. ಹುಡುಗಿಯರದ್ದು ಹಾಗಲ್ಲ, ವರ್ಷ ಪೂರ್ತಿ ಅಲ್ಲೊಂದು ಇಲ್ಲೊಂದು ದಿನ ತಪ್ಪುತ್ತಲೇ ಇತ್ತು. ಕಾರಣದ ಜಾಗದಲ್ಲಿ ಮತ್ತೆ ಮತ್ತೆ ಒಂದೇ ಮಾತು, ತಮ್ಮನ್ನ ಹಿಡಿಯಾಕ. ಅವ್ವ ಕೂಲಿಗೆ ಹೋದರೆ ಮನೆಯಲ್ಲಿ ಕೂಸು ನೋಡುವವರು ಯಾರು? ಅಂಗನವಾಡಿಗೆ ಬಿಡೋಣ ಅಂದರೆ ಕೂಸಿಗೆ ಇನ್ನೂ ಮೂರು ವರ್ಷ ಆಗಿಲ್ಲ. ಇದನ್ನು ಬಾಲಕಾರ್ಮಿಕ ಪದ್ಧತಿ ಅಂತ ಯಾವ ಇನ್‌ಸ್ಪೆಕ್ಟರೂ ಬರೆದುಕೊಳ್ಳುವುದಿಲ್ಲ, ಇದಕ್ಕೆ ಜೀಪು ಬರುವುದಿಲ್ಲ, ಕೂಲಿಯೂ ಇಲ್ಲ.

ಎರಡನೆಯದು ಸ್ವಲ್ಪ ಮುಜುಗರದ್ದು. ಮಕ್ಕಳ ನೋಟ್‌ಬುಕ್ಕಿನಲ್ಲಿ ಹೊಲ ಅಂತ ಬರೆದ ದಿನ ಶಾಲೆಯ ಹಾಜರಿಯಲ್ಲಿ ಅವರು ಹಾಜರು.

ಇಲ್ಲಿ ಮಾಸ್ತರನ್ನು ಕಳ್ಳ ಅನ್ನೋದು ಸುಲಭ. ನಾನು ಅನ್ನುವುದಿಲ್ಲ. ನಮ್ಮ ರಾಜ್ಯದಲ್ಲಿ ಮಗು ಸತತ 7 ದಿನ ಹೇಳದೆ ಗೈರಾದರೆ ಅದನ್ನು ಶಾಲೆ ಬಿಟ್ಟ ಮಗು ಅಂತ ನೋಡಬೇಕು. ಹಾಗೆ ಬರೆದರೆ ಮೇಲಿನವರಿಗೆ ವರದಿ, ಮನೆ ಭೇಟಿ, ನೋಟಿಸು, ಮೀಟಿಂಗಿನಲ್ಲಿ ಬೈಗುಳ. ಪಾಲಕರ ಜೊತೆ ಜಗಳ ಬೇರೆ. ನಿಯಮ ಮಾಡಿದ್ದು ಮಗು ಕಳೆದುಹೋಗಬಾರದು ಅಂತ, ಒಳ್ಳೆಯ ನಿಯಮವೇ. ಆದರೆ ಗೈರು ಬರೆದವನಿಗೇ ತೊಂದರೆ ಅಂದರೆ ಯಾರು ಗೈರು ಬರೆಯುತ್ತಾರೆ? ಆರನೇ ದಿನಕ್ಕೋ ಏಳನೇ ದಿನಕ್ಕೋ ಒಂದು ಹಾಜರಿ ಬೀಳುತ್ತದೆ. ಕಾಗದದಲ್ಲಿ ಊರಿಗೆ ಊರೇ ಶಾಲೆಯಲ್ಲಿದೆ. ಕಾಗದದಲ್ಲಿ ಸಮಸ್ಯೆಯೇ ಇಲ್ಲದ ಮೇಲೆ ಯಾವ ಇಲಾಖೆ ಯಾಕೆ ಬರುತ್ತದೆ?

ಮಕ್ಕಳ ಸಂಘದ ದೊಡ್ಡ ಶಕ್ತಿ ಘೋಷಣೆ ಕೂಗುವುದು ಅಂತ ಸುಮಾರು ಜನ ತಿಳಿದಿದ್ದಾರೆ. ಈ ಊರಿನಲ್ಲಿ ಕೆಲಸ ಮಾಡಿದ್ದು ಆ ನೋಟ್‌ಬುಕ್. ದೊಡ್ಡವರ ಯಾವ ರಿಜಿಸ್ಟರಿನಲ್ಲೂ ಇಲ್ಲದ ಲೆಕ್ಕ ಅವರ ಹತ್ತಿರ ಇತ್ತು.

ಸಭೆಯ ಮೊದಲ ಜಗಳ ಸಭೆಯ ಹೊತ್ತಿನದ್ದೇ. ಪ್ರತಿ ವರ್ಷ ಬೆಳಿಗ್ಗೆ 11ಕ್ಕೆ ಇಡುತ್ತಿದ್ದರು. ಕ್ರಾಸಿಂಗ್ ನಡೆಯುವುದೂ ಅದೇ ಹೊತ್ತಿಗೆ. ಅಂದರೆ ಯಾರ ಬಗ್ಗೆ ಮಾತಾಡಬೇಕೋ ಅವರು ಬರೋಕೆ ಆಗದ ಹೊತ್ತು. ಮಕ್ಕಳು ಪಂಚಾಯಿತಿಗೆ ಒಂದು ಅರ್ಜಿ ಕೊಟ್ಟರು, ಸಂಜೆ 6ಕ್ಕೆ ಇಡಿ ಅಂತ. ಅಧಿಕಾರಿಗಳು ಸಂಜೆ ಹೇಗೆ ಬರುತ್ತಾರೆ, ಹುಡುಗಿಯರು ಕತ್ತಲಲ್ಲಿ ಮನೆಗೆ ಹೇಗೆ ಹೋಗುತ್ತಾರೆ ಅಂತೆಲ್ಲ ಚರ್ಚೆ ಆಯಿತು. ಅಧ್ಯಕ್ಷರು ಹೆಂಗಸು, ಅವರೂ ಒಂದು ಕಾಲಕ್ಕೆ ಕ್ರಾಸಿಂಗಿಗೆ ಹೋದವರೇ. ಒಪ್ಪಿಕೊಂಡರು. ಅವರು ಒಪ್ಪದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಇಂಥ ಕಡೆ ಒಬ್ಬ ವ್ಯಕ್ತಿಯಿಂದ ಎಷ್ಟು ಫರಕ್ಕಾಗುತ್ತದೆ ಅನ್ನೋದನ್ನು ಮರೆಮಾಚಬಾರದು.

ಸಭೆಯಲ್ಲಿ ದೊಡ್ಡವರು ಕಾದಿದ್ದು "ನಮ್ಮನ್ನು ಕೆಲಸದಿಂದ ಬಿಡಿಸಿ" ಅನ್ನೋ ಮಾತಿಗೆ. ಮಕ್ಕಳು ಅದನ್ನು ಕೇಳಲೇ ಇಲ್ಲ. ಕೇಳಿದ್ದು ಬೇರೆ. ಕೂಸಿನ ಮನೆ ಬೇಗ ತೆರೆಯಿರಿ ಅಂದರು. ಕೂಸಿನ ಮನೆ 2023ರ ನಂತರ ಪಂಚಾಯಿತಿಗಳಲ್ಲಿ ಬಂದದ್ದು, ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಕೂಸುಗಳಿಗೆ ಅಂತ. ಪ್ಲಾಟಿಗೆ ಹೋಗುವವರ ಕೂಸುಗಳನ್ನೂ ಇಟ್ಟುಕೊಳ್ಳಿ, ಶಾಲೆ ಗಂಟೆಗಿಂತ ಮೊದಲೇ ತೆರೆಯಿರಿ, ಆಗ ನಾವು ಶಾಲೆಗೆ ಹೋಗುತ್ತೇವೆ ಅಂದರು. ಎಣ್ಣೆ ಹೊಡೆದ ದಿನ, ಅದರ ಮರುದಿನ ಯಾರನ್ನೂ ಹೊಲಕ್ಕೆ ಇಳಿಸಬೇಡಿ ಅಂದರು. ತಲೆನೋವು, ವಾಂತಿ ಬಂದ ದಿನಗಳನ್ನು ಓದಿ ಹೇಳಿದರು. ಹೈಸ್ಕೂಲಿಗೆ ಪಕ್ಕದ ಊರಿಗೆ ಹೋಗುವ ಬಸ್ಸು ಕೇಳಿದರು. ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಟಿಕೆಟ್ ಇಲ್ಲ, ಸರಿ, ಆದರೆ ಬಸ್ಸು ತುಂಬಿ ನಿಲ್ಲಿಸದೆ ಹೋದರೆ ಫ್ರೀ ಇದ್ದು ಏನು ಬಂತು. ತಪ್ಪಿದ ಪಾಠಕ್ಕೆ ಸಂಜೆ ಅರಿವು ಕೇಂದ್ರದಲ್ಲಿ ಯಾರಾದರೂ ಹೇಳಿಕೊಡಿ ಅಂದರು. ಕೊನೆಗೆ ಒಬ್ಬ ಹುಡುಗ ಎದ್ದು ಹೇಳಿದ, "ಜೀಪ್ ಬಂದ್ರ ನಮ್ಮ ಫೋಟೊ ತಗೀಬ್ಯಾಡ್ರಿ ಸರ, ಪ್ಲಾಟ್ ಇಟ್ಟವರದ್ದು ತಗೀರಿ." ಹಿಂದೆ ಕೂತ ದೊಡ್ಡವರು ನಕ್ಕರು. ಎಲ್ಲರೂ ಅಲ್ಲ.

ಹಾಜರಿ ವಿಷಯ ಬಂದಾಗ ಮಾತ್ರ ಸಭೆ ಬಿಸಿಯಾಯಿತು. ಯಾರೋ ಮಕ್ಕಳ ಕಿವಿ ಊದಿದ್ದಾರೆ ಅಂತ ಒಬ್ಬರು ಎದ್ದರು. ಇನ್ನೊಬ್ಬರು, ಈ ಮಕ್ಕಳ ಅಪ್ಪಂದಿರು ಮುಂಗಡ ತಗೊಂಡಿಲ್ಲವಾ, ಅದನ್ನೂ ಓದಿ ಅಂದರು. ಅದು ನ್ಯಾಯದ ಮಾತೇ. ಹೆಡ್ ಮಾಸ್ತರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ನಿಜವಾದ ಹಾಜರಿ ಬರೆದರೆ ಪಂಚಾಯಿತಿ ನನ್ನ ಜೊತೆ ನಿಲ್ಲುತ್ತದಾ ಅಂತ ಕೇಳಿದರು. ಇಡೀ ಸಭೆಯಲ್ಲಿ ಅತ್ಯಂತ ಮುಖ್ಯ ಪ್ರಶ್ನೆ ಅದೇ ಅಂತ ನನ್ನ ಲೆಕ್ಕ. ಪಂಚಾಯಿತಿಯ ಮಕ್ಕಳ ರಕ್ಷಣಾ ಸಮಿತಿ ಕಾಗದದ ಮೇಲೆ ಇತ್ತು, ಸೇರಿದ್ದು ಮಾತ್ರ ಅಪರೂಪ. ಆ ಸಮಿತಿ ತಿಂಗಳಿಗೊಮ್ಮೆ ಹಾಜರಿ ಮತ್ತು ಮಕ್ಕಳ ನೋಟ್‌ಬುಕ್ ಎರಡನ್ನೂ ಇಟ್ಟುಕೊಂಡು ನೋಡಬೇಕು, ಗೈರು ಬರೆದಿದ್ದಕ್ಕೆ ಮಾಸ್ತರ ಮೇಲೆ ಕೂಗಾಡಬಾರದು ಅಂತ ಠರಾವು ಆಯಿತು.

ಆಮೇಲೆ ಏನಾಯಿತು ಅಂದರೆ, ಪಂಚಾಯಿತಿಯ ಕೈಯಲ್ಲಿ ಇದ್ದದ್ದು ಆಯಿತು, ಇಲ್ಲದ್ದು ಆಗಲಿಲ್ಲ. ಕೂಸಿನ ಮನೆ ಬೇಗ ತೆರೆಯಿತು. ಪ್ಲಾಟಿಗೆ ಹೋಗುವವರ ಕೂಸುಗಳನ್ನು ಸೇರಿಸೋಕೆ ಮೊದಲು ನಿಯಮ ನೋಡಬೇಕು ಅಂದರು, ಆಮೇಲೆ ಸುಮ್ನೆ ಸೇರಿಸಿಕೊಂಡರು. ನೋಟ್‌ಬುಕ್ಕಿನಲ್ಲಿ ತಮ್ಮನ್ನ ಹಿಡಿಯಾಕ ಅನ್ನೋ ಮಾತು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ, ಯಾಕೆಂದರೆ ಕೂಸಿಗೆ ಜ್ವರ ಬಂದ ದಿನ ಅಕ್ಕನೇ ಬೇಕು. ಸಂಜೆ ಪಾಠ ಶುರುವಾಯಿತು, ಪಿಯುಸಿ ಓದುತ್ತಿದ್ದ ಊರಿನ ಇಬ್ಬರು ಹೇಳಿಕೊಟ್ಟರು. ಕತ್ತಲಿದ್ದ ಓಣಿಗೆ ಲೈಟ್ ಬಂತು, ಇದನ್ನು ಯಾರೂ ಕೇಳಿರಲಿಲ್ಲ, ಸಂಜೆ ಸಭೆಯಿಂದ ತಾನಾಗಿ ಬಂದ ಲಾಭ. ಬಸ್ಸಿಗೆ ಡಿಪೋಗೆ ಪತ್ರ ಹೋಯಿತು. ಪತ್ರ ಮುಟ್ಟಿದೆ ಅಂತ ಉತ್ತರ ಬಂತು, ಬಸ್ಸು ಬರಲಿಲ್ಲ.

ಎಣ್ಣೆ ವಿಷಯದಲ್ಲಿ ಅರ್ಧ ಗೆಲುವು. ಕೆಲವು ರೈತರು ಒಪ್ಪಿ, ಮಧ್ಯಾಹ್ನ ಕೆಲಸ ಮುಗಿದ ಮೇಲೆ ಹೊಡೆಸೋಕೆ ಶುರು ಮಾಡಿದರು. ಆದರೆ ಮರುದಿನ ಬೆಳಿಗ್ಗೆ ಹೂ ಕಾಯುವುದಿಲ್ಲವಲ್ಲ, ಅದೇ ಗಿಡಕ್ಕೆ ಕೈ ಹಾಕಲೇಬೇಕು. ಒಂದು ದಿನ ಬಿಟ್ಟರೆ ಆ ದಿನದ ಹೂವೆಲ್ಲ ನಷ್ಟ. ಆ ನಷ್ಟ ಯಾರು ಹೊರಬೇಕು? ಕಂಪನಿ ದರದಲ್ಲಿ ಅದಕ್ಕೆ ಜಾಗ ಇಲ್ಲ. ಪಂಚಾಯಿತಿ ಠರಾವಿಗೆ ಕಂಪನಿ ಕಟ್ಟುಬಿದ್ದಿಲ್ಲ. ಆರ್ಗನೈಸರ್ ಸಭೆಗೆ ಬಂದೇ ಇರಲಿಲ್ಲ, ಕರೆದಿದ್ದರೂ.

ದುಡಿಯುವ ಮಕ್ಕಳ ಸಂಘ ಅಂದರೆ ಬಾಲಕಾರ್ಮಿಕತನಕ್ಕೆ ಒಪ್ಪಿಗೆ ಕೊಟ್ಟ ಹಾಗೆ ಅನ್ನುವವರಿದ್ದಾರೆ. ಅವರ ಭಯ ಸುಳ್ಳಲ್ಲ. ಬೊಲಿವಿಯಾದಲ್ಲಿ ದುಡಿಯುವ ಮಕ್ಕಳ ಸಂಘಟನೆಯ ಒತ್ತಡದ ನಂತರ 2014ರಲ್ಲಿ ಕಾಯ್ದೆ ಬದಲಾಗಿ, ಕೆಲವು ಷರತ್ತಿನ ಮೇಲೆ 10 ವರ್ಷದಿಂದಲೇ ಕೆಲಸಕ್ಕೆ ದಾರಿ ಆಯಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ವಿರೋಧಿಸಿತು, 2018ರಲ್ಲಿ ಅದನ್ನು ವಾಪಸ್ ತೆಗೆದರು. ನಾನು 11 ವರ್ಷದ ಮಗು ಎಣ್ಣೆ ಹೊಡೆದ ಹೊಲದಲ್ಲಿ ನಿಲ್ಲುವುದನ್ನು ಯಾವ ಷರತ್ತಿನ ಮೇಲೂ ಒಪ್ಪುವುದಿಲ್ಲ. ಆದರೆ ಆ ಮಗುವನ್ನು ಕೇಳುವುದು ಬೇರೆ, ಕೆಲಸಕ್ಕೆ ಹಚ್ಚುವುದು ಬೇರೆ. ಕೇಳದೆ ಜೀಪು ಕಳಿಸಿದಾಗ ಈ ಊರಿನಲ್ಲಿ ಮಕ್ಕಳು ಇನ್ನೂ ದೂರದ ಹೊಲ ಸೇರಿದರು. ಕೇಳಿದಾಗ ಕೂಸಿನ ಮನೆಯ ಗಂಟೆ ಬದಲಾಯಿತು. ಕೆಲಸಕ್ಕೆ ಕನಿಷ್ಠ ವಯಸ್ಸು ಮತ್ತು ಅತಿ ಕೆಟ್ಟ ಬಗೆಯ ಬಾಲದುಡಿಮೆ ಕುರಿತ ಕಾರ್ಮಿಕ ಸಂಸ್ಥೆಯ 138 ಮತ್ತು 182ನೇ ಒಪ್ಪಂದಗಳಿಗೆ ಭಾರತ 2017ರಲ್ಲಿ ಸಹಿ ಹಾಕಿದೆ, ಒಳ್ಳೆಯದೇ. ಆದರೆ ತಮ್ಮನ್ನ ಹಿಡಿಯಾಕ ಮನೆಯಲ್ಲಿ ಉಳಿದ ಹುಡುಗಿ ಆ ಸಹಿಯಿಂದ ಶಾಲೆಗೆ ಬರುವುದಿಲ್ಲ.

ಮುಂದಿನ ಹಂಗಾಮಿಗೆ ಊರಿನ ಮಕ್ಕಳು ಪ್ಲಾಟಿನಲ್ಲಿ ಕಡಿಮೆ ಕಂಡರು. ಎಲ್ಲರೂ ಖುಷಿಪಟ್ಟರು, ಪಂಚಾಯಿತಿಯವರು ಮೀಟಿಂಗಿನಲ್ಲೂ ಹೇಳಿಕೊಂಡರು. ಮಕ್ಕಳ ನೋಟ್‌ಬುಕ್ಕಿನಲ್ಲಿ ಮಾತ್ರ ಒಂದು ಹೊಸ ಸಾಲು ಸೇರಿತ್ತು. ಬೆಳಿಗ್ಗೆ ಬರುವ ಟಂಟಂ ಗಾಡಿಗಳಲ್ಲಿ ಗಡಿಯ ಆಚೆ ಕಡೆ ಊರುಗಳ ಮಕ್ಕಳು ಬರುತ್ತಿದ್ದಾರೆ, ಯಾವ ಊರು, ಎಷ್ಟು ಗಾಡಿ ಅಂತ ಬರೆದಿದ್ದರು. ಆ ಮಕ್ಕಳು ಈ ಪಂಚಾಯಿತಿಯವರಲ್ಲ, ಈ ತಾಲ್ಲೂಕಿನವರಲ್ಲ, ಈ ಜಿಲ್ಲೆಯವರೂ ಅಲ್ಲ. ಪಿಡಿಓ ಅವರಿಗೆ ತೋರಿಸಿದರೆ ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಅಂದರು, ಅವರು ಹೇಳಿದ್ದೂ ನಿಜ. ಸಂಘದವರು ಈಗ ಆ ಪುಟಗಳ ಜೆರಾಕ್ಸ್ ಮಾಡಿಸಿ ಆಚೆ ಊರಿನ ಪಂಚಾಯಿತಿಗೊಂದು, ಎರಡೂ ಜಿಲ್ಲಾಧಿಕಾರಿಗಳಿಗೆ ಒಂದೊಂದು, ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೊಂದು ಕಳಿಸಿದ್ದಾರೆ. ಜೊತೆಗಿನ ಪತ್ರದಲ್ಲಿ ಆರ್ಗನೈಸರ್ ಹೆಸರು ಬರೆಯಬೇಕಾ ಬೇಡವಾ ಅಂತ ಎರಡು ಸಂಜೆ ಜಗಳ ನಡೆಯಿತಂತೆ. ಕೊನೆಗೆ ಬರೆದರು.